ಮಂಡಿ ವಾಸಿಯಾಯಿತು, ಕೈ ಆಗಲಿಲ್ಲ: ಒಂದು ತರಚು ಗಾಯದ ಪ್ರಕರಣ

ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಕೆಲಸ ಮಾಡುವ ನರ್ಸ್. ಇಲ್ಲಿ ಬರೆಯುತ್ತಿರುವುದು ದೊಡ್ಡ ಗಾಯದ ಕಥೆಯಲ್ಲ. ಮನೆಯಲ್ಲೇ ವಾಸಿಯಾಗಬೇಕಿದ್ದ, ಹತ್ತಿರ ಹತ್ತಿರ ಎರಡು ವಾರ ಕಳೆದರೂ ವಾಸಿಯಾಗದ ಒಂದು ತರಚು ಗಾಯದ್ದು. ಗುರುತು ಸಿಗಬಾರದು ಅಂತ ವಯಸ್ಸು, ಮನೆಯವರ ಸಂಬಂಧ ಮತ್ತು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಗಾಯವಾದವರಿಗೆ ವಯಸ್ಸು 50 ದಾಟಿದೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ದಿನಾ ನುಂಗುವ ಮಾತ್ರೆ ಒಂದೂ ಇಲ್ಲ. ಸೈಕಲ್ ಓಡಿಸುವಾಗ ಜಲ್ಲಿ ಚೆಲ್ಲಿದ್ದ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಎಡಗಡೆಗೆ ಬಿದ್ದರು. ಎಡ ಮುಂಗೈ ರಸ್ತೆಗೆ ಉಜ್ಜಿ ಅಂಗೈ ಅಗಲದಷ್ಟು ಚರ್ಮ ಸುಲಿಯಿತು. ಎಡ ಮಂಡಿಯೂ ತರಚಿತು. ಆದರೆ ದಪ್ಪ ಪ್ಯಾಂಟ್ ಹಾಕಿದ್ದರಿಂದ ಅಲ್ಲಿ ಗಾಯ ಚಿಕ್ಕದು, ಜಲ್ಲಿಯೂ ಒಳಗೆ ಹೋಗಿರಲಿಲ್ಲ. ತಲೆಗೆ ಪೆಟ್ಟಾಗಿಲ್ಲ, ಮೂಳೆ ಮುರಿದಿಲ್ಲ. ಎದ್ದು ಸೈಕಲ್ ತಳ್ಳಿಕೊಂಡೇ ಮನೆಗೆ ಬಂದರು.

ಮನೆಯಲ್ಲಿ ಎಲ್ಲರೂ ಗಾಬರಿಯಾದರು. ಕೈಯ ಗಾಯ ನೋಡಲು ಭಯಂಕರವಾಗಿತ್ತು. ರಕ್ತ ಜಿನುಗುತ್ತಿತ್ತು, ಮಧ್ಯೆ ಮಧ್ಯೆ ಕಪ್ಪು ಚುಕ್ಕೆಗಳು. ನಲ್ಲಿ ಕೆಳಗೆ ಕೈ ಹಿಡಿಯಲು ಹೋದರೆ ಉರಿ ತಡೆಯಲಾಗಲಿಲ್ಲ, ತಕ್ಷಣ ಹಿಂದಕ್ಕೆಳೆದರು. ಅಷ್ಟರಲ್ಲಿ ಅವರ ಭಾವಮೈದುನ ಮನೆಯಲ್ಲಿದ್ದ ಆಂಟಿಸೆಪ್ಟಿಕ್ ದ್ರವದ ಬಾಟಲಿ ತಂದು, ನೀರು ಬೆರೆಸದೆ ಮುಚ್ಚಳದಷ್ಟು ಹಾಗೇ ಸುರಿದರು. "ಉರಿದರೆ ಒಳ್ಳೇದು, ಕ್ರಿಮಿ ಸಾಯ್ತಿದೆ ಅಂತ ಅರ್ಥ" ಅಂದರಂತೆ. ಸುರಿದ ಮೇಲೆ ತೊಳೆಯುವ ವಿಷಯ ಯಾರೂ ಎತ್ತಲಿಲ್ಲ. ಔಷಧಿ ಹಾಕಿಯಾಯಿತಲ್ಲ, ಇನ್ನು ತೊಳೆಯುವುದೇನು?

ಮಂಡಿಯ ಕಡೆ ಯಾರ ಗಮನವೂ ಹೋಗಲಿಲ್ಲ. ಅವತ್ತು ರಾತ್ರಿ ಸ್ನಾನ ಮಾಡುವಾಗ ಅವರೇ ಸೋಪು ಹಚ್ಚಿ ತೊಳೆದುಕೊಂಡರು. ಅದರ ಆರೈಕೆ ಅಷ್ಟಕ್ಕೇ ಮುಗಿಯಿತು.

ಮರುದಿನದಿಂದ ಕೈಯ ಜವಾಬ್ದಾರಿಯನ್ನು ಮಗಳು ಹೊತ್ತಳು. ಶ್ರದ್ಧೆಯ ಹುಡುಗಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಪ್ಪದೆ ಕ್ಲೀನಿಂಗ್. ಮೊದಲು ಹತ್ತಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ನೊರೆ ಬಂದು ನಿಲ್ಲುವ ತನಕ. ಆಮೇಲೆ ಪೊವಿಡೋನ್ ಅಯೋಡಿನ್. ಅದರ ಮೇಲೆ ನಿಯೋಮೈಸಿನ್ ಇರುವ ಆಂಟಿಬಯೋಟಿಕ್ ಮುಲಾಮು, ದಪ್ಪಗೆ. ಮೇಲೊಂದು ಹತ್ತಿ ಪದರ, ಸುತ್ತಲೂ ಗಾಳಿ ಆಡದ ಹಾಗೆ ಪ್ಲಾಸ್ಟರ್. ಸಂಜೆ ಹೊತ್ತು ಮಾತ್ರ "ಸ್ವಲ್ಪ ಒಣಗಲಿ" ಅಂತ ಬಿಚ್ಚಿ ಫ್ಯಾನ್ ಕೆಳಗೆ ಇಡುವುದು.

ಸಮಸ್ಯೆ

ಮೊದಲ ವಾರ ಗಾಯ ಹಾಗೂ ಇಲ್ಲ, ಹೀಗೂ ಇಲ್ಲ ಅನ್ನುವಂತಿತ್ತು. ಹಕ್ಕಳೆ ಕಟ್ಟುವುದು, ಹತ್ತಿ ತೆಗೆಯುವಾಗ ಅದರ ಜೊತೆಗೇ ಕಿತ್ತು ಬರುವುದು, ಮತ್ತೆ ರಕ್ತ. 9ನೇ ದಿನದ ಹೊತ್ತಿಗೆ ಗಾಯದ ಸುತ್ತಲಿನ ಚರ್ಮ ಕೆಂಪಾಯಿತು. ನೀರು ಒಸರತೊಡಗಿತು, ಹತ್ತಿ ಬೇಗ ಬೇಗ ಒದ್ದೆಯಾಗತೊಡಗಿತು. ಮನೆಯವರಿಗೆ ಇದು ನಂಜು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಮುಲಾಮು ಇನ್ನೂ ದಪ್ಪಗಾಯಿತು, ಕ್ಲೀನಿಂಗ್ ಮೂರರಿಂದ ನಾಲ್ಕು ಹೊತ್ತಿಗೆ ಏರಿತು.

ಹತ್ತಿರದ ಒಂದು ಕ್ಲಿನಿಕ್‌ಗೂ ಹೋಗಿ ಬಂದಿದ್ದರು. ಅಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, 5 ದಿನದ ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಇಂಜೆಕ್ಷನ್ ಸರಿಯಾದ ಕ್ರಮವೇ. ಇವರ ಕೊನೆಯ ಬೂಸ್ಟರ್ ಆಗಿ 10 ವರ್ಷ ದಾಟಿತ್ತು. ಮಣ್ಣು ಮೆತ್ತಿದ ಗಾಯಕ್ಕೆ 5 ವರ್ಷ ದಾಟಿದ್ದರೂ ಒಂದು ಬೂಸ್ಟರ್ ಕೊಡುವುದು ರೂಢಿ. ನಿಜ ಹೇಳಬೇಕಂದರೆ ಬಿದ್ದ ದಿನವೇ ನೆನಪಾಗಬೇಕಿದ್ದದ್ದು ಇದು. ಮನೆಯಲ್ಲಿ ಕ್ರಿಮಿಯ ಬಗ್ಗೆ ಅಷ್ಟೊಂದು ಯೋಚನೆ ನಡೆಯಿತು, ಅಷ್ಟು ಬಾಟಲಿ ಬಂದವು. ಧನುರ್ವಾಯುವಿನ ಬೀಜಾಣು ಮಾತ್ರ ಅಂಥ ಯಾವ ಬಾಟಲಿಗೂ ಜಗ್ಗುವಂಥದ್ದಲ್ಲ. ಅದಕ್ಕೆ ಲಸಿಕೆಯೇ ದಾರಿ.

ಮಾತ್ರೆ ಮುಗಿಯಿತು. ಕೆಂಪು ಒಂದಿಷ್ಟೂ ಇಳಿಯಲಿಲ್ಲ, ಬದಲಿಗೆ ಜಾಸ್ತಿಯಾಯಿತು. ಆಗ ನಮ್ಮಲ್ಲಿಗೆ ಬಂದರು.

ಮೊದಲ ನೋಟ

ಪ್ಲಾಸ್ಟರ್ ಬಿಚ್ಚಿದಾಗ ನನಗೆ ಮೊದಲು ಕಂಡದ್ದು ಕಂದು ಬಣ್ಣ. ಅಯೋಡಿನ್ ಕಲೆ ಎಷ್ಟು ಗಾಢವಾಗಿತ್ತೆಂದರೆ ಅದರ ಕೆಳಗೆ ಚರ್ಮ ಕೆಂಪಗಿದೆಯೋ ಕಪ್ಪಗಿದೆಯೋ ತಿಳಿಯುವಂತಿರಲಿಲ್ಲ. ಗಾಯವನ್ನು ದಿನಾ ನೋಡುತ್ತಿದ್ದ ಮಗಳೂ ನಿಜವಾಗಿ ಗಾಯ ನೋಡಿರಲಿಲ್ಲ, ಬಣ್ಣವನ್ನಷ್ಟೇ ನೋಡಿದ್ದಳು. ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ, ಅಂದರೆ ಸಲೈನ್‌ನಲ್ಲಿ ಗಾಜ್ ಬಟ್ಟೆ ನೆನೆಸಿ ಮೇಲಿಟ್ಟು ಸ್ವಲ್ಪ ಹೊತ್ತು ಬಿಟ್ಟೆ. ಹತ್ತಿಯ ಎಳೆಗಳು ಸಡಿಲಾದವು. ಬಿಳಿ ಎಳೆಗಳು ಗಾಯದ ತುಂಬ ಅಂಟಿಕೊಂಡಿದ್ದವು. ಚಿಮಟದಲ್ಲಿ ಒಂದೊಂದಾಗಿ ತೆಗೆಯಬೇಕಾಯಿತು. ತೆರೆದ ಗಾಯದ ಮೇಲೆ ಹತ್ತಿ ಇಡಬಾರದು ಅನ್ನುವುದು ಇದಕ್ಕೇ. ಎಳೆ ಬಿಟ್ಟುಕೊಳ್ಳದ ಗಾಜ್ ಬಟ್ಟೆಯೇ ವಾಸಿ, ಅದೂ ಅಂಟಿಕೊಳ್ಳದ ಪ್ಯಾಡ್‌ನ ಮೇಲೆ.

ಡಾಕ್ಟರ್ ಬಂದು ನೋಡಿದರು. ಅವರು ಮೊದಲು ಕೇಳಿದ್ದು ಗಾಯದ ಬಗ್ಗೆ ಅಲ್ಲ.

"ನೋವು ಜಾಸ್ತಿಯೋ, ತುರಿಕೆ ಜಾಸ್ತಿಯೋ?"

ಅವರು ಸ್ವಲ್ಪ ಯೋಚಿಸಿ, "ನೋವು ಅಂಥದ್ದೇನಿಲ್ಲ ಡಾಕ್ಟ್ರೇ. ತುರಿಕೆಗೆ ರಾತ್ರಿ ನಿದ್ದೆ ಬರಲ್ಲ" ಅಂದರು.

ಪ್ರಕರಣ ತಿರುವು ತೆಗೆದುಕೊಂಡದ್ದು ಇಲ್ಲಿ. ನಂಜಾದ ಗಾಯ ಸಾಮಾನ್ಯವಾಗಿ ನೋಯುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕಡಿಮೆಯಾಗಬೇಕಾದ ನೋವು ಏರುತ್ತಾ ಹೋಗುತ್ತದೆ. ಮುಟ್ಟಿದರೆ ಬಿಸಿ, ಊತ, ಕೀವು, ಕೆಂಪು ದಿನದಿಂದ ದಿನಕ್ಕೆ ಹರಡುವುದು, ಕೆಲವೊಮ್ಮೆ ಜ್ವರ, ಕೈಯ ಉದ್ದಕ್ಕೂ ಮೇಲಕ್ಕೇರುವ ಕೆಂಪು ಗೆರೆ. ಇವರಿಗೆ ಜ್ವರ ಇರಲಿಲ್ಲ, ಕಂಕುಳಲ್ಲಿ ಗಂಟು ಇರಲಿಲ್ಲ. ಒಸರುತ್ತಿದ್ದದ್ದು ತಿಳಿ ನೀರು, ಕೀವಲ್ಲ. ಸುತ್ತಲಿನ ಚರ್ಮದ ಮೇಲೆ ಸಾಸಿವೆಗಿಂತ ಸಣ್ಣ ನೀರುಗುಳ್ಳೆಗಳು ಗುಂಪು ಗುಂಪಾಗಿ ಎದ್ದಿದ್ದವು. ಇದೆಲ್ಲ ಅಲರ್ಜಿಯ ಲಕ್ಷಣ.

ಡಾಕ್ಟರ್ ಆಮೇಲೆ ಕೆಂಪಿನ ಆಕಾರ ನೋಡಿದರು. ನನಗೂ ತೋರಿಸಿದರು. ನಂಜಿನ ಕೆಂಪಿಗೆ ನೇರ ಅಂಚು ಇರುವುದಿಲ್ಲ. ಇಲ್ಲಿ ಮೂರು ಕಡೆ ಅಂಚು ಗೆರೆ ಎಳೆದಂತೆ ನೇರವಾಗಿತ್ತು. ಪ್ಲಾಸ್ಟರ್ ಒಳಗಿನ ಹತ್ತಿ ಪ್ಯಾಡ್‌ನ ಅಳತೆಯೇ ಅದು. ಹಾಗಾದರೆ ಪ್ಲಾಸ್ಟರ್‌ನ ಅಂಟಿಗೇ ಅಲರ್ಜಿ ಇರಬಹುದಲ್ಲ ಅಂತ ನನಗೆ ಅನ್ನಿಸಿತು. ಆದರೆ ಅಂಟು ತಾಗಿದ್ದ ಪಟ್ಟಿ ಜಾಗದಲ್ಲಿ ಚರ್ಮ ಹೆಚ್ಚುಕಮ್ಮಿ ಸರಿಯಾಗಿತ್ತು. ನಾಲ್ಕನೇ ಕಡೆ, ಮಣಿಕಟ್ಟಿನ ಕಡೆಗೆ, ಕೆಂಪು ನಾಲಗೆಯ ಹಾಗೆ ಉದ್ದಕ್ಕೆ ಚಾಚಿತ್ತು. ಅದು ಮುಲಾಮು ಕರಗಿ ಪ್ಲಾಸ್ಟರ್ ಕೆಳಗಿನಿಂದ ಹರಿದು ಹೋಗುತ್ತಿದ್ದ ದಾರಿ. ಕೆಂಪು ಅಂಟಿನ ಹಿಂದೆ ಹೋಗಿರಲಿಲ್ಲ, ಮುಲಾಮಿನ ಹಿಂದೆ ಹೋಗಿತ್ತು.

ಆಗ ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. "ಬೇರೆ ಎಲ್ಲಾದರೂ ಪೆಟ್ಟಾಗಿತ್ತಾ?"

ಮಂಡಿ ತೋರಿಸಿದರು. ಮಂಡಿ ಪೂರ್ತಿ ವಾಸಿಯಾಗಿತ್ತು. ತಿಳಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು, ಅಷ್ಟೇ. "ಅದಕ್ಕೆ ಏನು ಹಾಕಿದ್ರಿ?" "ಅದಕ್ಕೇನೂ ಹಾಕಿಲ್ಲ, ಸುಮ್ನೆ ಬಿಟ್ಟಿದ್ದೆ."

ಮಗಳ ಮುಖ ಸಣ್ಣದಾಯಿತು. ಎರಡು ಗಾಯ ಒಂದೇ ಅಲ್ಲ ಅಂತ ನಾವು ಅವಳಿಗೆ ಹೇಳಿದೆವು. ಮಂಡಿಯದು ಚಿಕ್ಕದು, ಮೇಲುಮೇಲಿನದು. ಅದನ್ನೇ ಪುರಾವೆ ಅನ್ನಲಾಗದು. ಆದರೂ ಒಂದೇ ದಿನ, ಒಂದೇ ರಸ್ತೆ, ಒಂದೇ ದೇಹ. ಈ ದೇಹಕ್ಕೆ ಗಾಯ ಮಾಗಿಸುವ ಶಕ್ತಿ ಇದೆ ಅಂತ ಹೇಳಲು ಅಷ್ಟು ಸಾಕಿತ್ತು. ಬೆರಳು ಚುಚ್ಚಿ ನೋಡಿದ ಸಕ್ಕರೆಯೂ ಸರಿಯಾಗಿಯೇ ಇತ್ತು.

ಒಂದು ಹನಿ ರಕ್ತ

ಎಲ್ಲ ನಿಲ್ಲಿಸಿ ಅಂದರೆ ಜನ ಸುಲಭವಾಗಿ ಒಪ್ಪುವುದಿಲ್ಲ. ಮಗಳ ಹತ್ತಿರ ಒಂದು ಗಟ್ಟಿ ವಾದವಿತ್ತು. "ಪೆರಾಕ್ಸೈಡ್ ಹಾಕಿದ್ರೆ ಇನ್ನೂ ನೊರೆ ಬರ್ತಾ ಇದೆ ಸಿಸ್ಟರ್. ಕ್ರಿಮಿ ಇದೆ ಅಂತ ತಾನೇ? ನೊರೆ ನಿಂತ ಮೇಲೆ ನಿಲ್ಲಿಸೋಣ ಅಂತಿದ್ದೆ."

ಸಕ್ಕರೆ ನೋಡಲು ಚುಚ್ಚಿದ ಬೆರಳಿನಿಂದ ಒಂದು ಹನಿ ಗಾಜ್ ಮೇಲೆ ಒತ್ತಿಸಿಕೊಂಡಿದ್ದೆ. ಅದರ ಮೇಲೆ ಎರಡು ತೊಟ್ಟು ಪೆರಾಕ್ಸೈಡ್ ಬಿಟ್ಟೆ. ಕೂಡಲೇ ಬುಸ್ ಅಂತ ಬಿಳಿ ನೊರೆ ಎದ್ದಿತು. ಕೆಂಪು ಕಲೆ ನೋಡನೋಡುತ್ತಲೇ ತಿಳಿಯಾಯಿತು.

"ಇದು ಈಗಷ್ಟೇ ಅಪ್ಪನ ಬೆರಳಿಂದ ಬಂದ ರಕ್ತ. ಇದರಲ್ಲಿ ಕ್ರಿಮಿ ಇದೆಯಾ?"

ರಕ್ತದಲ್ಲಿ, ನಮ್ಮ ಜೀವಕೋಶಗಳಲ್ಲಿ ಕೆಟಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕದ ಗುಳ್ಳೆಗಳೇ ನೊರೆ. ಹಲವು ಬ್ಯಾಕ್ಟೀರಿಯಾಗಳಲ್ಲೂ ಈ ಕಿಣ್ವ ಇದೆ, ನಿಜ. ಆದರೆ ಹಸಿ ಗಾಯ ಇರುವ ತನಕ ಕ್ರಿಮಿ ಇರಲಿ ಬಿಡಲಿ ನೊರೆ ಬಂದೇ ಬರುತ್ತದೆ. ನೊರೆ ನಿಲ್ಲಲಿ ಅಂತ ಪೆರಾಕ್ಸೈಡ್ ಹಾಕುತ್ತಾ ಹೋದರೆ ಹೊಸ ಕೋಶಗಳು ಸಾಯುತ್ತವೆ, ಗಾಯ ಹಸಿಯಾಗೇ ಉಳಿಯುತ್ತದೆ, ನೊರೆಯೂ ಉಳಿಯುತ್ತದೆ. ಅವಳು ನಿಲ್ಲಿಸುವ ದಿನ ಬರುತ್ತಲೇ ಇರಲಿಲ್ಲ.

ಉರಿಯ ವಿಷಯವೂ ಇಷ್ಟೇ. ಉರಿ ಎಂದರೆ ತೆರೆದುಕೊಂಡ ನರದ ತುದಿಗಳಿಗೆ ದ್ರವ ತಾಗಿದೆ ಎಂದು, ಅಷ್ಟೇ. ಕ್ರಿಮಿ ಸತ್ತಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಸ್ಪಿರಿಟ್‌ನಷ್ಟು ಉರಿಯುವುದು ಬೇರೆ ಇಲ್ಲ. ನಾವು ಅದನ್ನು ಬಳಸುವುದು ಇಂಜೆಕ್ಷನ್‌ಗೆ ಮೊದಲು ಗಟ್ಟಿ ಚರ್ಮದ ಮೇಲೆ, ಇಲ್ಲವೇ ಚಿಮಟ ಒರೆಸಲು. ತೆರೆದ ಗಾಯಕ್ಕೆ ಹಾಕುವುದಿಲ್ಲ.

ನಿರ್ಧಾರ

ಡಾಕ್ಟರ್ ಬರೆದದ್ದು ಚಿಕ್ಕ ಚೀಟಿ. ಪೆರಾಕ್ಸೈಡ್, ಅಯೋಡಿನ್, ಮುಲಾಮು, ಹತ್ತಿ, ಪ್ಲಾಸ್ಟರ್ ಎಲ್ಲ ಬಂದ್. ದಿನಕ್ಕೆ ಒಮ್ಮೆ ಮಾತ್ರ ಬಿಚ್ಚುವುದು. ಕೈ ತೊಳೆದುಕೊಂಡು, ಕುಡಿಯಲು ಯೋಗ್ಯವಾದ ನಲ್ಲಿ ನೀರನ್ನು ಮೆಲ್ಲಗೆ ಹರಿಯಬಿಟ್ಟು ಗಾಯ ತೊಳೆಯುವುದು. ಗಾಯದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ಅಂಟಿಕೊಳ್ಳದ ಪ್ಯಾಡ್, ಅದರ ಮೇಲೆ ಸಡಿಲಾಗಿ ಬ್ಯಾಂಡೇಜ್ ಸುತ್ತು. ಸುತ್ತಲಿನ ಕೆಂಪು ಚರ್ಮಕ್ಕೆ ಮಾತ್ರ ಕೆಲವು ದಿನ ಸ್ಟೀರಾಯ್ಡ್ ಕ್ರೀಮ್, ಅದೂ ಗಾಯಕ್ಕೆ ತಾಗದಂತೆ.

ಅಲರ್ಜಿ ಅಂತ ಅಂದಾಜು ಮಾಡಿ ನಂಜನ್ನು ಮರೆತುಬಿಡುವ ಹಾಗೂ ಇರಲಿಲ್ಲ. ಅದಕ್ಕೆ ಡಾಕ್ಟರ್ ಚರ್ಮಕ್ಕೆ ಬರೆಯುವ ಪೆನ್ ತೆಗೆದುಕೊಂಡು ಕೆಂಪಿನ ಅಂಚಿನ ಉದ್ದಕ್ಕೂ ಗೆರೆ ಎಳೆದರು. ನಾಳೆ ಕೆಂಪು ಈ ಪೆನ್ ಗೆರೆ ದಾಟಿದರೆ, ಜ್ವರ ಬಂದರೆ, ನೋವು ಏರಿದರೆ ಕಾಯಬೇಡಿ, ಕೂಡಲೇ ಬನ್ನಿ ಅಂದರು. ಖರ್ಚಿಲ್ಲದ ಪರೀಕ್ಷೆ ಇದು. ನನ್ನ ಅನುಭವದಲ್ಲಿ "ಜಾಸ್ತಿಯಾದ ಹಾಗಿದೆ", "ಇಲ್ಲ, ಹಾಗೇ ಇದೆ" ಅನ್ನುವ ಮನೆಯವರ ಚರ್ಚೆಯನ್ನು ಇಷ್ಟು ಬೇಗ ಮುಗಿಸುವ ಉಪಾಯ ಇನ್ನೊಂದಿಲ್ಲ.

ಗಾಯದಿಂದ ಸ್ವಾಬ್ (ಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆದು, ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ನೋಡುವ ಕಲ್ಚರ್‌ಗೆ ಕಳಿಸೋಣವೇ ಅಂತ ನಾನು ಕೇಳಿದ್ದೆ. ಡಾಕ್ಟರ್ ಬೇಡ ಅಂದರು. ತೆರೆದ ಗಾಯದ ಮೇಲೆ ಒಂದಲ್ಲ ಒಂದು ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ರಿಪೋರ್ಟ್‌ನಲ್ಲಿ ಅದರ ಹೆಸರು ಬಂದ ಕೂಡಲೇ ಮತ್ತೊಂದು ಆಂಟಿಬಯೋಟಿಕ್ ಶುರುವಾಗುತ್ತದೆ. ನಂಜಿನ ಲಕ್ಷಣ ಇದ್ದಾಗ ಯಾವ ಔಷಧಿ ಕೊಡಬೇಕು ಅಂತ ತಿಳಿಯಲು ಸ್ವಾಬ್ ಬೇಕು. ನಂಜು ಇದೆಯೋ ಇಲ್ಲವೋ ಅಂತ ಹೇಳುವ ಕೆಲಸ ಅದರದ್ದಲ್ಲ.

ಮನೆಯವರಿಗೆ ಸಮಾಧಾನವಾಗಿರಲಿಲ್ಲ. ಏನೂ ಹಾಕದೆ ಬಿಟ್ಟರೆ ನಂಜಾಗಲ್ವಾ ಅನ್ನುವುದೇ ಎಲ್ಲರ ಪ್ರಶ್ನೆ. ಭಯ ಸಹಜ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಡಾಕ್ಟರ್ ಅವರಿಗೆ ಹೇಳಿದರು. ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಯಾದ 900ಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್ ಮುಲಾಮು, ಇನ್ನೊಂದು ಗುಂಪಿಗೆ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ ಕೊಟ್ಟಿದ್ದರು. ನಂಜಾಗುವುದರಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮುಲಾಮಿನ ಗುಂಪಿನಲ್ಲಿ ಕೆಲವರಿಗೆ ಅಲರ್ಜಿಯಾಯಿತು, ಜೆಲ್ಲಿಯ ಗುಂಪಿನಲ್ಲಿ ಯಾರಿಗೂ ಆಗಲಿಲ್ಲ. ಅವೆಲ್ಲ ಆಪರೇಷನ್ ಟೇಬಲ್ ಮೇಲಿನ ಶುದ್ಧ ಗಾಯಗಳು, ರಸ್ತೆಯ ಜಲ್ಲಿ ಹೊಕ್ಕ ಗಾಯ ಬೇರೆ ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಎರಡು ವಾರದ ಮೇಲೆ, ನಂಜಿನ ಲಕ್ಷಣ ಇಲ್ಲದ ಗಾಯಕ್ಕೆ, ಆ ಮುಲಾಮಿನಿಂದ ಸಿಗುವುದು ಏನೂ ಇಲ್ಲ.

ನಲ್ಲಿ ನೀರಿನ ಬಗ್ಗೆಯೂ ಅನುಮಾನ. ಕುಡಿಯಲು ಯೋಗ್ಯವಾದ ನಲ್ಲಿ ನೀರನ್ನೂ ಸಲೈನನ್ನೂ ಹೋಲಿಸಿದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟು ಮಾಡಿ ನೋಡಿದೆ. ನಲ್ಲಿ ನೀರಿನಿಂದ ನಂಜು ಜಾಸ್ತಿಯಾಗುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ನೀರಿನ ಶುದ್ಧತೆಯ ಬಗ್ಗೆ ನಂಬಿಕೆ ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ಸಾಕು. ಸಲೈನ್ ಅಂದರೂ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ. ಅದು ಉರಿಸುವುದಿಲ್ಲ ಅನ್ನುವುದು ಅದರ ದೊಡ್ಡ ಗುಣ.

ಏನಾಯಿತು

ಮರುದಿನ ಕೆಂಪು ಆ ಪೆನ್ ಗೆರೆಯ ಒಳಗೇ ಇತ್ತು. ಮೂರನೇ ದಿನ ಗೆರೆಯಿಂದ ಬೆರಳಗಲ ಹಿಂದೆ ಸರಿದಿತ್ತು. ತುರಿಕೆ ಇಳಿದು, ಅವರು ಬಿದ್ದ ಮೇಲೆ ಮೊದಲ ಸಲ ಬೆಳಗಿನ ತನಕ ಮಲಗಿದೆ ಅಂದರು. ವಾರ ಮುಗಿಯುವ ಹೊತ್ತಿಗೆ ಗಾಯದ ಅಂಚುಗಳಿಂದ ಹೊಸ ಚರ್ಮ ಒಳಗೆ ತೆವಳುತ್ತಿರುವುದು ಕಾಣಿಸುತ್ತಿತ್ತು. ತೆಳುವಾದ, ಹೊಳೆಯುವ, ತಿಳಿ ಗುಲಾಬಿ ಅಂಚು.

ಅವರಿಗೆ ಒಗ್ಗದ ಸಂಗತಿ ಒಂದೇ. ಗಾಯ ಒದ್ದೆಯಾಗಿದೆ, ಹಕ್ಕಳೆ ಕಟ್ಟಿಲ್ಲ, ಗಾಳಿಗೆ ಇಟ್ಟು ಒಣಗಿಸಬೇಡವೇ? ಒಣಗಿದರೆ ಗಾಯ ಬೇಗ ಮಾಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆಯೂ ಇತ್ತು, ವೈದ್ಯರಲ್ಲೂ ಇತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಚರ್ಮದ ಮೇಲೆ ಗಾಯ ಮಾಡಿ, ಕೆಲವನ್ನು ತೆರೆದಿಟ್ಟು ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದ. ಮುಚ್ಚಿಟ್ಟು ತೇವ ಉಳಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಹೊಸ ಕೋಶಗಳು ತೇವದ ಮೇಲೆ ಸಲೀಸಾಗಿ ಮುಂದೆ ಸರಿಯುತ್ತವೆ. ಒಣಗಿದ ಹಕ್ಕಳೆ ಎದುರಾದರೆ ಅದರ ಕೆಳಗೆ ಇಳಿದು ದಾರಿ ಮಾಡಿಕೊಂಡು ಹೋಗಬೇಕು. ಇವರ ಕೈಯಲ್ಲಂತೂ ಆ ಹಕ್ಕಳೆಯನ್ನು ದಿನಕ್ಕೆ ಮೂರು ಸಲ ಹತ್ತಿಯ ಜೊತೆ ಕಿತ್ತು ಹಾಕಲಾಗುತ್ತಿತ್ತು.

ಎಲ್ಲ ಸರಿಹೋಯಿತು ಅನ್ನುವಾಗ ಇನ್ನೊಂದು ವಿಷಯ ಹೊರಬಿತ್ತು. ಅಯೋಡಿನ್ ಕಲೆ ಪೂರ್ತಿ ಹೋದ ಮೇಲೆ ಹೊಸ ಚರ್ಮದ ಕೆಳಗೆ ನೀಲಿಗಪ್ಪು ಚುಕ್ಕೆಗಳು ಕಾಣಿಸಿದವು. ಮೊದಲ ದಿನದ ಜಲ್ಲಿ, ರಸ್ತೆ ಧೂಳು. ಇಷ್ಟು ದಿನ ಹಾಕಿದ ಯಾವ ಔಷಧಿಯೂ ಅದನ್ನು ಕದಲಿಸಿರಲಿಲ್ಲ. ಕದಲಿಸುವುದು ಅವುಗಳ ಕೆಲಸವೂ ಅಲ್ಲ. ಡಾಕ್ಟರ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮೇಲುಮೇಲಿನ ಕಣಗಳನ್ನು ಸೂಜಿ ತುದಿಯಿಂದ ಎತ್ತಿ ತೆಗೆದರು. ಆಳಕ್ಕೆ ಇಳಿದವು ಹಾಗೇ ಉಳಿದವು. ಹಚ್ಚೆ ಹಾಕಿದರೂ ಆಗುವುದು ಇದೇ, ಚರ್ಮದೊಳಗೆ ಬಣ್ಣದ ಕಣ ಸಿಕ್ಕಿಕೊಳ್ಳುವುದು. ಮುಂದೆ ಬೇಕೆನಿಸಿದರೆ ಲೇಸರ್ ಮಾಡಿಸಬಹುದು. ಅವರಿಗೆ ಬೇಕೆನಿಸಲಿಲ್ಲ.

ಗಾಯ ಪೂರ್ತಿ ಮಾಗಿ, ಸ್ಟೀರಾಯ್ಡ್ ನಿಲ್ಲಿಸಿ ಕೆಲವು ವಾರಗಳಾದ ಮೇಲೆ ಚರ್ಮದ ಡಾಕ್ಟರ್ ಬೆನ್ನಿಗೆ ಪ್ಯಾಚ್ ಟೆಸ್ಟ್ ಮಾಡಿದರು, ಅಂದರೆ ಅನುಮಾನದ ವಸ್ತುಗಳನ್ನು ಪಟ್ಟಿಯಲ್ಲಿ ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ. ಪಟ್ಟಿಗಳನ್ನು 48 ಗಂಟೆಗೆ ತೆಗೆದು ಒಮ್ಮೆ ನೋಡಿ, 96 ಗಂಟೆಗೆ ಮತ್ತೆ ನೋಡಿದರು. ನಿಯೋಮೈಸಿನ್ ಇಟ್ಟ ಜಾಗ ಕೆಂಪಾಗಿ ಉಬ್ಬಿ, ಸಣ್ಣ ಗುಳ್ಳೆ ಎದ್ದಿತ್ತು. ಅಯೋಡಿನ್‌ಗಾಗಲಿ ಪ್ಲಾಸ್ಟರ್‌ನ ಅಂಟಿಗಾಗಲಿ ಏನೂ ಆಗಿರಲಿಲ್ಲ. ನಿಯೋಮೈಸಿನ್ ಅಲರ್ಜಿ ಅಪರೂಪದ್ದಲ್ಲ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2010ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಇಂಥ ಅಲರ್ಜಿ ಮೊದಲ ಸಲಕ್ಕೆ ತಕ್ಷಣ ಕಾಣಿಸುವುದಿಲ್ಲ, ಕೆಲವು ದಿನಗಳಿಂದ ಎರಡು ವಾರದ ತನಕ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಜನ ಮುಲಾಮಿನ ಮೇಲೆ ಅನುಮಾನ ಪಡುವುದನ್ನೇ ಬಿಟ್ಟಿರುತ್ತಾರೆ. ಗಾಯ ಕೆಟ್ಟಿತು ಅಂತ ಅದೇ ಮುಲಾಮನ್ನು ಇನ್ನಷ್ಟು ಹಚ್ಚುತ್ತಾರೆ.

ಇದರಿಂದ ತಿಳಿಯುವುದು

ಈ ಗಾಯಕ್ಕೆ ಮೊದಲ ದಿನ ಒಂದು ಒಳ್ಳೆಯ ತೊಳೆತ ಬೇಕಿತ್ತು. ಅದು ಸಿಗಲಿಲ್ಲ, ಬದಲಿಗೆ ಎರಡು ವಾರ ಔಷಧಿ ಸಿಕ್ಕಿತು. ಕ್ರಿಮಿ ಕೊಲ್ಲುವುದೇ ಶುಚಿ ಮಾಡುವುದು ಅಂತ ಮನೆಯವರು ಎಣಿಸಿದ್ದರು. ಹೀಗೆ ಎಣಿಸುವವರು ಬಹಳ ಜನ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರೂ ಸೇರಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಫ್ರಾನ್ಸಿನ ಬುಲೋನ್‌ನ ಆಸ್ಪತ್ರೆಯಲ್ಲಿದ್ದ, ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಜಿನ ಕೊಳವೆಗೆ ಮುಳ್ಳು ಮುಳ್ಳಾದ ಸಂದಿಗಳನ್ನು ಮಾಡಿ ಒಂದು ಕೃತಕ ಗಾಯ ತಯಾರಿಸಿದ್ದರು. ಅದರೊಳಗೆ ಆಂಟಿಸೆಪ್ಟಿಕ್ ಸುರಿದರೂ ಸಂದಿಗಳಲ್ಲಿ ಅಡಗಿದ ಬ್ಯಾಕ್ಟೀರಿಯಾ ಉಳಿದುಕೊಂಡವು. ಜೊತೆಗೆ, ಬ್ಯಾಕ್ಟೀರಿಯಾ ಸಾಯುವುದಕ್ಕೆ ಮೊದಲೇ ಅವುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸಾಯುತ್ತಿದ್ದವು. ಜಲ್ಲಿ ಹೊಕ್ಕ ತರಚು ಗಾಯವೂ ಅಂಥ ಸಂದಿಗಳ ಊರೇ. ಕಣ ಒಳಗೇ ಇದ್ದರೆ ಕ್ರಿಮಿಗೆ ಮನೆ ಇದ್ದ ಹಾಗೆ. ಮೇಲಿಂದ ಏನು ಸುರಿದರೂ ಮನೆ ಹಾಗೇ ಇರುತ್ತದೆ.

ಹಾಗಾದರೆ ಮೊದಲ ದಿನ ಹೇಗೆ ತೊಳೆಯಬೇಕಿತ್ತು? ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಮೊದಲು ಅದನ್ನು ನಿಲ್ಲಿಸಬೇಕು. ತೊಳೆಯುವವರು ತಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಆಮೇಲೆ ಹರಿಯುವ ನೀರಿನ ಕೆಳಗೆ ಗಾಯವನ್ನು 5ರಿಂದ 10 ನಿಮಿಷ ಹಿಡಿಯಬೇಕು. ಇದು ಹೇಳಿದಷ್ಟು ಸುಲಭವಲ್ಲ. ಉರಿಗೆ ಜನ ಅರ್ಧ ನಿಮಿಷದಲ್ಲಿ ಕೈ ಎಳೆದುಕೊಳ್ಳುತ್ತಾರೆ. ನೀರು ಉಗುರುಬೆಚ್ಚಗಿದ್ದರೆ, ರಭಸ ಕಮ್ಮಿ ಇದ್ದರೆ ತಡೆದುಕೊಳ್ಳಬಹುದು. ತೆಗೆದುಕೊಳ್ಳಲು ಅಡ್ಡಿ ಇಲ್ಲದವರು ಅರ್ಧ ಗಂಟೆ ಮೊದಲು ಪ್ಯಾರಸಿಟಮಾಲ್ ನುಂಗಿದರೆ ಇನ್ನೂ ವಾಸಿ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ. ಉಳಿದ ಕಣಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಬಾರದ್ದನ್ನು ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟದಿಂದ ತೆಗೆಯಬಹುದು.

ಅಷ್ಟಾದರೂ ಕಪ್ಪು ಚುಕ್ಕೆ ಉಳಿದಿದ್ದರೆ ಅವತ್ತೇ ಕ್ಲಿನಿಕ್‌ಗೆ ಹೋಗುವುದು ಒಳ್ಳೆಯದು. ಅಲ್ಲಿ ಜಾಗ ಮರಗಟ್ಟಿಸಿ, ಸಿರಿಂಜ್‌ನಿಂದ ಒತ್ತಡದಲ್ಲಿ ಸಲೈನ್ ಹಾಯಿಸಿ, ಬೇಕಿದ್ದರೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. 35 ಎಂಎಲ್ ಸಿರಿಂಜ್‌ಗೆ 19 ಗೇಜ್ ಸೂಜಿ ಹಾಕಿ ಒತ್ತಿದರೆ ಸುಮಾರು 8 ಪಿಎಸ್ಐ ಒತ್ತಡ ಬರುತ್ತದೆ. ಕೊಳೆ ಕೀಳಲು ಅಷ್ಟು ಸಾಕು, ಅಂಗಾಂಶಕ್ಕೆ ಪೆಟ್ಟಾಗುವಷ್ಟು ಜಾಸ್ತಿಯಲ್ಲ. ಮೊದಲ ದಿನ 20 ನಿಮಿಷದ ಈ ಕೆಲಸ ಆಗಿದ್ದರೆ ಇವರ ಕೈಯಲ್ಲಿ ಚುಕ್ಕೆಗಳು ಉಳಿಯುತ್ತಿರಲಿಲ್ಲ. ಚರ್ಮ ಬೆಳೆದು ಮುಚ್ಚಿಕೊಂಡ ಮೇಲೆ ತೆಗೆಯುವುದು ಕಷ್ಟ.

ಆಂಟಿಸೆಪ್ಟಿಕ್ ಬಾಟಲಿಗಳನ್ನೆಲ್ಲ ಕಸಕ್ಕೆ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಪೊವಿಡೋನ್ ಅಯೋಡಿನ್ ಒಳ್ಳೆಯ ಔಷಧಿ. 10% ದ್ರಾವಣದಲ್ಲಿ ಕೆಲಸಕ್ಕೆ ಬರುವ ಅಯೋಡಿನ್ 1% ಇರುತ್ತದೆ. ಕೊಳಕಾದ ಗಾಯಕ್ಕೆ ಚೆನ್ನಾಗಿ ತೊಳೆದ ಮೇಲೆ ಒಮ್ಮೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಆಮೇಲೆ ಮುಚ್ಚಿದರೆ ತಪ್ಪೇನಿಲ್ಲ. ರಕ್ತ, ಕೀವು, ಮಣ್ಣು ಇದ್ದ ಕಡೆ ಅದರ ಬಲ ಕುಗ್ಗುತ್ತದೆ, ಅದಕ್ಕೇ ತೊಳೆತ ಮೊದಲು. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಹಸುಗೂಸುಗಳಿಗೆ ದೊಡ್ಡ ಜಾಗಕ್ಕೆ, ದಿನಗಟ್ಟಲೆ ಬಳಸಬಾರದು. ನೀರು ಬೆರೆಸಿ ಬಳಸಬೇಕಾದ ಆಂಟಿಸೆಪ್ಟಿಕ್ ದ್ರವಗಳನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು. ಹಾಗೇ ಸುರಿದರೆ ಚರ್ಮ ಸುಡುತ್ತದೆ. ಇವರ ಗಾಯದ ಒಂದು ಅಂಚು ಮೊದಲ ದಿನವೇ ಬೆಳ್ಳಗಾಗಿತ್ತು ಅಂತ ಮಗಳು ಆಮೇಲೆ ನೆನಪಿಸಿಕೊಂಡಳು. ಬಹುಶಃ ಅದೇ ಸುಟ್ಟ ಜಾಗ.

ಆ ಮಗಳ ಬಗ್ಗೆ ಒಂದು ಮಾತು. ಅವಳು ಅಜಾಗರೂಕಳಾಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲವೇನೋ. ಇಂಥ ಮನೆಯವರಿಗೆ "ಏನೂ ಮಾಡಬೇಡಿ" ಅಂದರೆ ಕೈ ಕಟ್ಟಿಹಾಕಿದಂತಾಗುತ್ತದೆ. ಅದಕ್ಕೆ ನಾವು ಅವಳಿಗೆ ಬೇರೆ ಕೆಲಸ ಕೊಟ್ಟೆವು. ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಗಾಯದ ಫೋಟೋ ತೆಗೆಯುವುದು, ಪೆನ್ ಗೆರೆ ನೋಡುವುದು, ನೋವು ಎಷ್ಟು ತುರಿಕೆ ಎಷ್ಟು ಅಂತ ಬರೆದಿಡುವುದು. ಔಷಧಿ ಹಚ್ಚುವಾಗ ಇದ್ದ ಶ್ರದ್ಧೆಯೇ ಗಾಯವನ್ನು ಗಮನಿಸುವುದರಲ್ಲೂ ಇತ್ತು. ಆ ಫೋಟೋಗಳು ನಮಗೂ ಬಹಳ ಉಪಯೋಗಕ್ಕೆ ಬಂದವು.

ಅವರ ಕೈಗೆ ಡಾಕ್ಟರ್ ಒಂದು ಚೀಟಿ ಕೊಟ್ಟಿದ್ದಾರೆ. ನಿಯೋಮೈಸಿನ್, ಅದೇ ಗುಂಪಿನ ಫ್ರಾಮೈಸೆಟಿನ್ ಬೇಡ. ಜೆಂಟಮೈಸಿನ್‌ಗೂ ಇದೇ ಅಲರ್ಜಿ ಬರಬಹುದು, ಆದ್ದರಿಂದ ಮೊದಲೇ ಹೇಳಿ. ಈ ಔಷಧಿಗಳು ಬರೀ ಚರ್ಮದ ಮುಲಾಮಿನಲ್ಲಿ ಇರುವುದಿಲ್ಲ, ಕಣ್ಣಿನ ಹನಿ, ಕಿವಿಯ ಹನಿಗಳಲ್ಲೂ ಇರುತ್ತವೆ. ನಮ್ಮ ಡ್ರೆಸ್ಸಿಂಗ್ ರೂಮಿನಲ್ಲೂ ಈಗ ವಾಸಿಯಾಗದ ಗಾಯ ಬಂದರೆ ಮನೆಯಲ್ಲಿ ಹಾಕಿದ ಎಲ್ಲ ಟ್ಯೂಬ್, ಬಾಟಲಿ ತನ್ನಿ ಅಂತ ಮೊದಲೇ ಹೇಳುತ್ತೇವೆ. ಹೆಸರು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, "ಒಂದು ಬಿಳಿ ಟ್ಯೂಬ್" ಅನ್ನುತ್ತಾರೆ.

ಈ ಪ್ರಕರಣ ಓದಿ ಎಲ್ಲ ಗಾಯಕ್ಕೂ ನೀರು, ಜೆಲ್ಲಿ ಸಾಕು ಅಂದುಕೊಳ್ಳಬಾರದು. ಬಾಯಿ ಬಿಟ್ಟುಕೊಂಡ ಆಳದ ಗಾಯ, ಚುಚ್ಚಿದ ಗಾಯ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಒಳಗೆ ಮುರಿದುಕೊಂಡ ವಸ್ತು, ಮುಖ ಮತ್ತು ಕೀಲುಗಳ ಮೇಲಿನ ಆಳದ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಇವೆಲ್ಲ ಮನೆಯಲ್ಲಿ ನೋಡಿಕೊಳ್ಳುವಂಥವಲ್ಲ. ಚುಚ್ಚಿಕೊಂಡು ನಿಂತ ವಸ್ತುವನ್ನು ಮನೆಯಲ್ಲಿ ಎಳೆದು ತೆಗೆಯಲೂ ಬಾರದು. ಇನ್ನು ನಾಯಿ, ಬೆಕ್ಕು, ಕೋತಿ, ಬಾವಲಿಯಂಥ ಪ್ರಾಣಿ ಕಚ್ಚಿದರೆ, ಪರಚಿದರೆ ಲೆಕ್ಕವೇ ಬೇರೆ. ರೇಬಿಸ್ ಭಯ ಇರುವ ಕಡೆ ಸೋಪು ಮತ್ತು ಹರಿಯುವ ನೀರಿನಿಂದ ಗಾಯದ ಒಳಗೂ ಬಿಡದೆ 15 ನಿಮಿಷ ತೊಳೆಯಬೇಕು. ಅಲ್ಲಿ ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚುವುದು ಸರಿಯಾದ ಕ್ರಮ. ಆಮೇಲೆ ಅದೇ ದಿನ, ಗಾಯ ಎಷ್ಟೇ ಸಣ್ಣದಿದ್ದರೂ, ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.